ಕಮೋಲಿಯ ಕತ್ತದ ಬಲೆ

ಇಟಲಿಯ ಜಿನೋವಾದಿಂದ ಪೂರ್ವದ ಕಡೆಗೆ ಹೊರಡುವ ರೈಲು ಸಮುದ್ರವನ್ನು ತುಂಡು ತುಂಡಾಗಿ ಮಾತ್ರ ತೋರಿಸುತ್ತದೆ. ಬೆಟ್ಟಗಳು ನೇರವಾಗಿ ನೀರಿಗೇ ಇಳಿಯುವ ಲಿಗೂರಿಯಾ ಕರಾವಳಿಯಲ್ಲಿ ಹಳಿ ಹಾಸುವಷ್ಟು ಸಮತಟ್ಟು ನೆಲವಿಲ್ಲ. ಆದ್ದರಿಂದ ಸುರಂಗದ ಬೆನ್ನಿಗೆ ಸುರಂಗ ಕೊರೆದಿದ್ದಾರೆ. ಒಂದು ಕತ್ತಲೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ನಾಲ್ಕಾರು ಕ್ಷಣಗಳಲ್ಲಿ ಒಂದು ಚರ್ಚಿನ ಗೋಪುರ, ಒಣಗಲು ಹಾಕಿದ ಬಟ್ಟೆ, ಕೆಳಗೆ ಕಣ್ಣು ಕುಕ್ಕುವ ನೀಲಿ ಹಾದುಹೋಗುತ್ತವೆ. ಕೊಂಕಣ ರೈಲಿನಲ್ಲಿ ಕುಮಟಾದಿಂದ ಕಾರವಾರಕ್ಕೆ ಹೋಗಿ ಬಂದು ಬೆಳೆದ ನನಗೆ ಈ ಕಣ್ಣಾಮುಚ್ಚಾಲೆ ಹೊಸದಾಗಿರಲಿಲ್ಲ. ಕೆಲಸದ ನಿಮಿತ್ತ ಎರಡು ವಾರ ಜಿನೋವಾದಲ್ಲಿದ್ದೆ. ಮೇ ತಿಂಗಳ ಮೊದಲ ಶನಿವಾರ, ದೊಡ್ಡ ಬಂದರಿನ ಕ್ರೇನುಗಳನ್ನು ನೋಡಿ ನೋಡಿ ದಣಿದು, ನಕ್ಷೆಯಲ್ಲಿ ಕಣ್ಣಿಗೆ ಬಿದ್ದ ಒಂದು ಸಣ್ಣ ಊರಿಗೆ ಟಿಕೆಟ್ ತೆಗೆದುಕೊಂಡೆ. ಮುಕ್ಕಾಲು ಗಂಟೆಯೊಳಗೆ ಕಮೋಲಿ ಬಂತು.

ಸುಮಾರು ಐದು ಸಾವಿರ ಜನರ ಊರು. ಪಕ್ಕದಲ್ಲೇ ಪೋರ್ತೊಫಿನೊ ಭೂಶಿರ ಸಮುದ್ರಕ್ಕೆ ಮೊಣಕೈ ಚಾಚಿದಂತೆ ನಿಂತಿದೆ. ಆ ಮೊಣಕೈಯ ಆಚೆಗಿರುವ ಪೋರ್ತೊಫಿನೊ ಹಳ್ಳಿ ಶ್ರೀಮಂತರ ವಿಹಾರ ನೌಕೆಗಳಿಂದಾಗಿ ಲೋಕಪ್ರಸಿದ್ಧವಾಗಿದ್ದರೆ, ಈಚೆಗಿನ ಕಮೋಲಿಗೆ ಬರುವವರಲ್ಲಿ ಬುತ್ತಿ ಕಟ್ಟಿಕೊಂಡು ಬರುವ ಜಿನೋವಾದ ಸಂಸಾರಗಳೇ ಹೆಚ್ಚು. ರೈಲು ನಿಲ್ದಾಣ ಊರಿನ ನೆತ್ತಿಯ ಮೇಲಿದೆ. ಅಲ್ಲಿಂದ ಮೆಟ್ಟಿಲಿಳಿದರೆ ಮೇಲಿನ ಬೀದಿ. ಆ ಬೀದಿಯಿಂದ ಸಾಧಾರಣ ಎತ್ತರದವೆಂದು ಕಾಣುವ ಮನೆಗಳು, ಕಿರಿದಾದ ಓಣಿಯಲ್ಲಿ ಇನ್ನೂ ಕೆಳಗಿಳಿದು ಸಮುದ್ರದ ದಂಡೆಗೆ ಬಂದು ತಲೆಯೆತ್ತಿ ನೋಡಿದಾಗ, ಆರೇಳು ಅಂತಸ್ತುಗಳ ಗೋಡೆಯಾಗಿ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿರುತ್ತವೆ. ಕಾವಿ, ಗೋಧಿ, ಮಾಸಿದ ಗುಲಾಬಿ, ಅರಿಸಿನದ ಬಣ್ಣಗಳು. ಕಿಟಕಿಗಳ ಸುತ್ತ ಕಲ್ಲಿನ ಕೆತ್ತನೆಯ ಚೌಕಟ್ಟು ಇದೆಯೆಂದುಕೊಂಡು ಹತ್ತಿರ ಹೋದರೆ ಅದು ಕೆತ್ತನೆಯಲ್ಲ, ಗೋಡೆಯ ಮೇಲಿನ ಚಿತ್ರ. ಕೆಲವು ಕಿಟಕಿಗಳೇ ಚಿತ್ರ: ಅರ್ಧ ತೆರೆದ ಹಸಿರು ಬಾಗಿಲು, ಅದರ ನೆರಳು, ಎಲ್ಲವನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಕಲ್ಲು ಕೆತ್ತಿಸುವ ಹಣವಿಲ್ಲದ ನಾವಿಕರು ಕಲ್ಲನ್ನು ಬರೆಸಿಕೊಂಡರು. ದೂರದ ಸಮುದ್ರದಿಂದ ನೋಡುವವನಿಗೆ ಎರಡೂ ಒಂದೇ ತಾನೆ? ಈ ಊರಿನ ಮುಖ ಇರುವುದು ನೀರಿನ ಕಡೆಗೆ. ರೈಲಿನಲ್ಲಿ ಬಂದ ನಮ್ಮಂಥವರು ಹಿತ್ತಿಲ ಬಾಗಿಲಿನಿಂದ ಒಳಹೊಕ್ಕವರು.

ಊರಿನ ಹೆಸರಿಗೆ ಜನ ಹೇಳುವ ಅರ್ಥಗಳಲ್ಲಿ 'ಹೆಂಡತಿಯರ ಮನೆಗಳು' ಎಂಬುದೂ ಒಂದು. ಗಂಡಸರೆಲ್ಲ ಹಡಗಿನಲ್ಲಿ, ಮನೆಗಳಲ್ಲಿ ಹೆಂಗಸರು ಮಾತ್ರ. ಭಾಷಾಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ಹತ್ತೊಂಬತ್ತನೆಯ ಶತಮಾನದ ಕಮೋಲಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. 'ಸಾವಿರ ಬಿಳಿ ಹಾಯಿಗಳ ಊರು' ಎಂದು ಆಗ ಅದಕ್ಕೆ ಬಿರುದು. ಕ್ರಿಮಿಯಾ ಯುದ್ಧಕ್ಕೆ ಸರಕು ಸಾಗಿಸಿದ ಹಾಯಿಹಡಗುಗಳಲ್ಲಿ ಇಲ್ಲಿಯವೂ ಇದ್ದವು. ಇಟಲಿಯಲ್ಲಿ ಹಡಗಿನ ಒಡೆತನವನ್ನು 24 ಪಾಲುಗಳಾಗಿ ವಿಭಾಗಿಸುವ ಹಳೆಯ ಪದ್ಧತಿಯಿದ್ದುದರಿಂದ ಸಾಧಾರಣ ಮನೆತನವೂ ಒಂದೆರಡು ಪಾಲು ಕೊಂಡು ಸಮುದ್ರದ ಮೇಲೆ ಭಾಗ್ಯ ಹೂಡಬಹುದಿತ್ತು. ಹಡಗು ಮುಳುಗಿದರೆ ಆ ಮನೆತನವೂ ಅದರೊಂದಿಗೆ ಮುಳುಗಬಾರದೆಂದು 1853ರಲ್ಲಿ ಇಲ್ಲಿಯ ಹಡಗಿನ ಒಡೆಯರು ತಮ್ಮೊಳಗೇ ಪರಸ್ಪರ ವಿಮಾ ಸಂಘವೊಂದನ್ನು ಕಟ್ಟಿಕೊಂಡರು. ಮುಂದೆ ಉಗಿಹಡಗು ಬಂತು, ಹಾಯಿ ಮಡಚಿತು. ಊರಿನ ಹಿಂದಿನ ಬೊಸ್ಕೆತ್ತೊ ದೇವಾಲಯದಲ್ಲಿ ಆ ಕಾಲದ ಹರಕೆಯ ಚಿತ್ರಗಳಿವೆ: ಕಪ್ಪು ಅಲೆ, ಮುರಿದ ಕೂವೆಮರ, ಮೂಲೆಯ ಮೋಡದಲ್ಲಿ ಮೇರಿ ಮಾತೆ. ಅವುಗಳಲ್ಲಿ ಸಮುದ್ರವನ್ನು ಬಿಡಿಸಿದ ಕೈಗೆ ಸಮುದ್ರ ಚೆನ್ನಾಗಿ ಗೊತ್ತಿದೆ. ಮೇರಿಯನ್ನು ಮಾತ್ರ ಅವಸರದಲ್ಲಿ ಮುಗಿಸಿದಂತಿದೆ.

ಅಲ್ಲಿ ತಿಳಿದ ಒಂದು ಸಂಗತಿಯನ್ನು ಬಿಟ್ಟುಬಿಡಲು ಮನಸ್ಸಾಗುತ್ತಿಲ್ಲ. 1892ರಲ್ಲಿ ಕಲ್ಲಿದ್ದಲು ಹೊತ್ತು ಹೊರಟಿದ್ದ 'ಇತಾಲಿಯಾ' ಎಂಬ ಹಡಗಿನ ಸರಕಿಗೆ ಬೆಂಕಿ ಬಿದ್ದಾಗ, ನಾವಿಕರು ಅದನ್ನು ದಕ್ಷಿಣ ಅಟ್ಲಾಂಟಿಕ್ಕಿನ ನಡುವೆ ಒಂಟಿಯಾಗಿರುವ ತ್ರಿಸ್ತಾನ್ ದ ಕುನ್ಯಾ ದ್ವೀಪಕ್ಕೆ ಹತ್ತಿಸಿ ಜೀವ ಉಳಿಸಿಕೊಂಡರು. ಬೇರೆ ಹಡಗು ಬಂದಾಗ ಉಳಿದವರೆಲ್ಲ ಹೊರಟುಹೋದರೂ ಕಮೋಲಿಯ ಇಬ್ಬರು, ಆಂದ್ರೆಯಾ ರೆಪೆತ್ತೊ ಮತ್ತು ಗಾಯೆತಾನೊ ಲಾವಾರೆಲ್ಲೊ, ಅಲ್ಲಿಯೇ ಮದುವೆಯಾಗಿ ನಿಂತರು. ಜಗತ್ತಿನ ಅತಿ ದೂರದ ಜನವಸತಿಯೆಂದು ಹೆಸರಾದ ಆ ದ್ವೀಪದಲ್ಲಿ ಇಂದಿಗೂ ಇರುವ ಬೆರಳೆಣಿಕೆಯ ಮನೆತನದ ಹೆಸರುಗಳಲ್ಲಿ ಈ ಎರಡೂ ಇವೆ. ಹೆಂಡತಿಯರ ಮನೆಗಳ ಊರಿನ ಇಬ್ಬರು ಹುಡುಗರು ಹೆಂಡತಿಯರಿಗಾಗಿ ಭೂಮಿಯ ತುದಿಯಲ್ಲಿ ಉಳಿದುಕೊಂಡರಲ್ಲ ಎಂದು ನಗು ಬಂತು.

ಇಷ್ಟನ್ನೆಲ್ಲ ನೋಡಿಯೂ ನಾನು ಇನ್ನೂ ಪ್ರವಾಸಿಯಾಗಿಯೇ ಇದ್ದೆ. ಮಧ್ಯಾಹ್ನ ಹಳೆಯ ಕೋಟೆಯ ಬುಡದಲ್ಲಿರುವ ಪುಟ್ಟ ಬಂದರಿಗೆ ಬಂದಾಗ ಮೂಗಿಗೆ ಒಂದು ವಾಸನೆ ತಾಗಿತು. ಮೀನು, ಡೀಸೆಲ್, ಒದ್ದೆ ಮರ, ಇವೆಲ್ಲ ಎಲ್ಲ ಬಂದರುಗಳಲ್ಲೂ ಇರುತ್ತವೆ. ಇವುಗಳ ಅಡಿಯಲ್ಲಿ ಇನ್ನೊಂದಿತ್ತು: ಸ್ವಲ್ಪ ಹುಳಿ, ಸ್ವಲ್ಪ ಮಣ್ಣು, ಮಳೆಗಾಲದ ಕೊಟ್ಟಿಗೆಯಂಥದ್ದು. ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ನೋಡಿದೆ. ಕಟ್ಟೆಯ ನೆರಳಿನಲ್ಲಿ, ಕಿತ್ತಳೆ ಬಣ್ಣದ ನೈಲಾನ್ ಬಲೆಗಳ ಪಕ್ಕದಲ್ಲಿ, ಕಂದು ಬಣ್ಣದ ಹುರಿಯ ದಪ್ಪ ಸುರುಳಿಗಳಿದ್ದವು. ಬಗ್ಗಿ ಮುಟ್ಟಿದೆ. ಚುಚ್ಚುವ ಕೂದಲಿನಂಥ ಒರಟು. ಅನುಮಾನವೇ ಇಲ್ಲ, ಅದು ಕತ್ತ. ತೆಂಗಿನ ನಾರಿನ ಕತ್ತದ ಹುರಿ.

ಮೆಡಿಟರೇನಿಯನ್ ದಡದಲ್ಲಿ ತೆಂಗು ಬೆಳೆಯುವುದಿಲ್ಲ. ಅಲ್ಲಿಯ ತೋಟಗಳಲ್ಲಿ ಕಾಣುವ ಅಲಂಕಾರದ ತಾಳೆಗಳು ನಮ್ಮವನಿಗೆ ಮೊದಲ ನೋಟಕ್ಕೆ ಮೋಸ ಮಾಡುತ್ತವೆಯೇ ಹೊರತು ಕಾಯಿ ಕೊಡುವುದಿಲ್ಲ. ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ನಾನು ಹುರಿ ಮೂಸುವುದನ್ನು ನೋಡಿ ಕೈ ನಿಲ್ಲಿಸಿದರು. 'ಕೊಕ್ಕೊ' ಎಂದರು. 'ಗೊತ್ತು' ಎಂದು ಕನ್ನಡದಲ್ಲಿಯೇ ಹೇಳಿಬಿಟ್ಟೆ. ಅವರಿಗೆ ಇಂಗ್ಲಿಷ್ ಬರದು, ನನಗೆ ಇಟಾಲಿಯನ್ ಬರದು. ಕಾಫಿ ಬಾರಿನ ಹುಡುಗ ಬಿಡುವಾದಾಗ ಬಂದು ನಮ್ಮ ನಡುವೆ ನಿಂತ. ಈ ನಾರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಆ ಮುದುಕರು ಹುಡುಗನ ಅನುವಾದಕ್ಕೂ ಕಾಯದೆ ಹೆಣಿಗೆಯ ಸೂಜಿಯಿಂದ ನನ್ನ ಎದೆಯ ಕಡೆಗೆ ತೋರಿಸಿ 'ಇಂದಿಯಾ' ಎಂದರು.

ನಮ್ಮ ಮನೆ ಅಘನಾಶಿನಿಯ ಹಿನ್ನೀರಿಗೆ ಹತ್ತಿರ. ಅಜ್ಜಿಯ ಕಾಲದಲ್ಲಿ ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನ ಕೆಸರಿನಲ್ಲಿ ಹೂತು ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಕೊಳೆತ ಸಿಪ್ಪೆಯನ್ನು ತೆಗೆದಾಗ ಬರುವ ವಾಸನೆಗೆ ದಾರಿಹೋಕರು ಮೂಗು ಮುಚ್ಚಿಕೊಂಡರೂ ನಮಗದು ಅಷ್ಟೊಂದು ಕೆಟ್ಟದ್ದೆನಿಸುತ್ತಿರಲಿಲ್ಲ. ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದರು, ತೊಳೆದು ಒಣಗಿಸಿ, ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಿದ್ದರು. ಅಜ್ಜಿಯ ಅಂಗೈ ಕೊನೆಯವರೆಗೂ ಮರಳುಕಾಗದದಂತಿತ್ತು. ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು. ದನ ಕಟ್ಟುವ ಕಣ್ಣಿ, ಬಾವಿಯ ಹಗ್ಗ, ಬೇಲಿಯ ಕಟ್ಟು, ದೋಣಿಯ ಲಂಗರು, ಎಲ್ಲವೂ ಅದರಲ್ಲೇ. ಆಮೇಲೆ ಪ್ಲಾಸ್ಟಿಕ್ ಹಗ್ಗ ಅಂಗಡಿಗೆ ಬಂದ ಮೇಲೆ ಕತ್ತ ಎಂಬುದು ನಮ್ಮ ಮನೆಯಲ್ಲಿ ಹಳತಕ್ಕೆ, ಬಡತನಕ್ಕೆ, ಕೈ ಚುಚ್ಚುವುದಕ್ಕೆ ಇನ್ನೊಂದು ಹೆಸರಾಯಿತು. ನಾವು ಕೈಬಿಟ್ಟ ಅದೇ ಹುರಿಯನ್ನು ಇಲ್ಲಿ ಒಬ್ಬರು ಮೊಣಕಾಲಿನ ಮೇಲೆ ಹರಡಿಕೊಂಡು, ಕಣ್ಣಿನಿಂದ ಕಣ್ಣಿಗೆ ಅಳತೆ ತಪ್ಪದಂತೆ ಹೆಣೆಯುತ್ತಿದ್ದರು.

ಹೆಣೆಯುತ್ತಿದ್ದುದು 'ತೊನ್ನಾರೆಲ್ಲಾ'ದ ಬಲೆಯ ಒಂದು ತುಂಡು. ತೊನ್ನಾರೆಲ್ಲಾ ಎಂದರೆ ಒಂದೇ ಕಡೆ ನಿಂತು ಮೀನಿಗಾಗಿ ಕಾಯುವ ಬಲೆ. ಕಮೋಲಿಯಿಂದ ಭೂಶಿರದ ಕಡೆಗೆ ಹೋದರೆ ಪುಂತಾ ಕಿಯಾಪ್ಪಾ ಎಂಬ ಕಲ್ಲಿನ ನಾಲಿಗೆ ಸಿಗುತ್ತದೆ. ಅದರ ಬಳಿಯ ನೀರಿನಲ್ಲಿ ನಾಲ್ಕು ಶತಮಾನಗಳ ಆಸುಪಾಸಿನಿಂದ ಈ ಬಲೆಯನ್ನು ಕಟ್ಟುತ್ತ ಬಂದಿದ್ದಾರೆ. ದಡದಿಂದ ಸಮುದ್ರದ ಕಡೆಗೆ ಒಂದು ಉದ್ದ ಬಲೆಯ ಗೋಡೆ. ಕರಾವಳಿಯ ಗುಂಟ ಸಾಗಿ ಬರುವ ಮೀನಿನ ಹಿಂಡಿಗೆ ಈ ಗೋಡೆ ಅಡ್ಡ ಬರುತ್ತದೆ. ಅಡ್ಡಿ ಕಂಡ ಮೀನು ಆಳದ ಕಡೆಗೆ ತಿರುಗುವುದು ಸಹಜ. ಹಾಗೆ ತಿರುಗಿದ ಮೀನು ಗೋಡೆಯನ್ನೇ ಅನುಸರಿಸಿ ಹೋಗಿ, 'ದ್ವೀಪ' ಎಂದು ಮೀನುಗಾರರು ಕರೆಯುವ ಬಲೆಯ ಆವರಣದೊಳಗೆ ಸೇರಿ, ಅದರ ಕೊನೆಯ ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕೋಣೆಯ ಹೆಸರು ಮಾತ್ರ ನೇರವಾಗಿದೆ: ಸಾವಿನ ಕೋಣೆ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಬಲೆ ನೀರಿನಲ್ಲಿರುತ್ತದೆ. ದಿನಕ್ಕೆ ಹಲವು ಬಾರಿ ಹೋಗಿ ಕೈಯಿಂದಲೇ ಎತ್ತುತ್ತಾರೆ. ಅಟ್ಟಿಸಿಕೊಂಡು ಹೋಗುವ ಎಂಜಿನ್ ಬೇಡ, ಆಮಿಷ ಬೇಡ. ಮೀನಿನ ದಾರಿ ಗೊತ್ತಿದ್ದರೆ ಸಾಕು.

ಕತ್ತವೇ ಏಕೆ ಎಂದು ಕೇಳಿದ್ದಕ್ಕೆ ಬಾರಿನ ಹುಡುಗನ ಮೂಲಕ ಬಂದ ಉತ್ತರ ಉದ್ದವಾಗಿತ್ತು. ಒರಟಾದ ನಾರಿನ ಮೇಲೆ ನೀರಿನೊಳಗೆ ಪಾಚಿ ಬೇಗ ಹತ್ತುತ್ತದೆ, ಬಲೆ ಬಲೆಯಂತೆ ಕಾಣದೆ ಸಮುದ್ರದ ಒಂದು ಗಿಡದಂತಾಗುತ್ತದೆ, ಸಣ್ಣ ಮೀನು ಮೇಯಲು ಬರುತ್ತದೆ, ಅದರ ಹಿಂದೆ ದೊಡ್ಡದು. ಋತು ಮುಗಿದಾಗ ಆ ನಾರಿನ ಆಯುಸ್ಸೂ ಮುಗಿದಿರುತ್ತದೆ. ಅದು ಸಮುದ್ರದಲ್ಲಿ ಉಳಿದರೂ ಕರಗಿ ಹೋಗುತ್ತದೆ, ನೈಲಾನಿನಂತೆ ವರ್ಷಗಟ್ಟಲೆ ತಳದಲ್ಲಿ ಕೂತು ಮೀನು ಕೊಲ್ಲುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಹೊಸದಾಗಿ ಹೆಣೆಯಬೇಕು. 'ಪ್ರತಿ ವರ್ಷವೂ?' ಎಂದೆ. ಅವರು ಕೈಯಲ್ಲಿದ್ದ ತುಂಡನ್ನು ಎತ್ತಿ ತೋರಿಸಿದರು. ಬೇರೆ ಉತ್ತರ ಬೇಕಿರಲಿಲ್ಲ.

ಮರುದಿನ ಮುಂಜಾನೆಯೇ ಮತ್ತೆ ಬಂದು, ಸಾನ್ ಫ್ರುತ್ತುವೋಸೊಗೆ ಹೋಗುವ ಪ್ರಯಾಣಿಕರ ದೋಣಿ ಹತ್ತಿ ಪುಂತಾ ಕಿಯಾಪ್ಪಾದಲ್ಲಿ ಇಳಿದು ಬಂಡೆಯ ಮೇಲೆ ಕುಳಿತೆ. ಬಲೆ ಎತ್ತುವುದನ್ನು ದೂರದಿಂದಷ್ಟೇ ನೋಡಿದೆ. ದೋಣಿಯ ಅಂಚಿಗೆ ಒರಗಿದ ಐದಾರು ಬೆನ್ನುಗಳು ಒಟ್ಟಿಗೆ ಬಗ್ಗುವುದು, ಒಟ್ಟಿಗೆ ಏಳುವುದು. ಬಲೆಯ ಮಡಿಲು ನಿಧಾನವಾಗಿ ಕಿರಿದಾಗಿ, ಒಮ್ಮೆಲೇ ನೀರು ಕುದಿದಂತಾಗಿ ಬೆಳ್ಳಿ ಚಿಮ್ಮುವುದು. ಗೆದರೆಯ ಜಾತಿಗೇ ಸೇರಿದ ಪಾಲಾಮಿತಾ ಈ ಬಲೆಗೆ ಬೀಳುತ್ತದಂತೆ, ರಿಚ್ಚೋಲಾ ಎಂಬ ದೊಡ್ಡ ಮೀನೂ ಬೀಳುತ್ತದಂತೆ. ತಿನ್ನಲಾಗದ ಚಂದ್ರಮೀನು ಸಿಕ್ಕಿದರೆ ಜೀವಂತವಾಗಿ ಹಿಂದಕ್ಕೆ ಬಿಡುತ್ತಾರೆ. ಎತ್ತಿ ಮುಗಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಿಕ್ಕಿದ್ದು ಕೆಲವೇ ಪೆಟ್ಟಿಗೆ.

ಆ ಬೆನ್ನುಗಳನ್ನು ನೋಡುತ್ತಿದ್ದಾಗ ನನಗೆ ರಂಪಣಿ ನೆನಪಾಗದೆ ಹೇಗೆ ಇರುತ್ತದೆ? ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯನ್ನು ಸಾಕಿದ ದೊಡ್ಡ ಎಳೆಬಲೆ ಅದು. ನಾನು ಅದನ್ನು ಕಂಡದ್ದು ಅದರ ಕೊನೆಗಾಲದಲ್ಲಿ, ಚಿಕ್ಕವನಿದ್ದಾಗ, ಮಾವನ ಹೆಗಲ ಮೇಲೆ ಕುಳಿತು. ಬಂಗುಡೆಯ ಹಿಂಡು ದಡದ ಹತ್ತಿರ ಬಂದು ನೀರು ಕಪ್ಪಾಗಿ ಕಂಡಾಗ ದೋಣಿ ಅದನ್ನು ಸುತ್ತುವರಿದು ಬಲೆ ಬಿಡುತ್ತಿತ್ತು. ಬಲೆಯ ಎರಡು ತುದಿಗಳ ಕತ್ತದ ಹಗ್ಗವನ್ನು ದಡದ ಮೇಲೆ ಎರಡು ಸಾಲಾಗಿ ನಿಂತ ಜನ ಎಳೆಯುತ್ತಿದ್ದರು. ಎಂಬತ್ತು, ನೂರು ಜನ. ಮರಳಿನಲ್ಲಿ ಹಿಮ್ಮಡಿ ಊರಿ ಹಿಂದಕ್ಕೆ ಬಾಗಿದ ನೂರು ಜನ. ಮೀನು ಬಂದ ಮೇಲೆ ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವರಿಗೆ ಪಾಲು, ದೇವರಿಗೆ ಪಾಲು. ಹಗ್ಗ ಮುಟ್ಟಿದ ಮುದುಕಿಗೂ ಒಂದು ಹಿಡಿ. ಕಮೋಲಿಯ ಹಡಗಿನ 24 ಪಾಲುಗಳ ವಿಷಯ ಓದಿದಾಗ ಈ ಲೆಕ್ಕವೇ ನನ್ನ ತಲೆಗೆ ಬಂದದ್ದು.

1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಅದನ್ನು ಸುತ್ತಿ ಎತ್ತಿಕೊಳ್ಳುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿಯವರಿಗೂ ಪರ್ಸೀನಿನವರಿಗೂ ಸಮುದ್ರದಲ್ಲೂ ದಡದಲ್ಲೂ ಜಗಳ ಬಿತ್ತು, ರಂಪಣಿ ಸೋತಿತು. ದಡಕ್ಕೆ ಬರುವ ಮೀನೇ ಇಲ್ಲವೆಂದ ಮೇಲೆ ದಡದಲ್ಲಿ ನಿಂತು ಏನನ್ನು ಎಳೆಯುವುದು? ಮಾವ ಒಂದಷ್ಟು ವರ್ಷ ಪರ್ಸೀನ್ ದೋಣಿಯಲ್ಲೇ ಕೂಲಿಗೆ ಹೋದರು.

ಇಲ್ಲಿ ನನಗೊಂದು ಎಚ್ಚರಿಕೆ ಬೇಕೆನಿಸುತ್ತದೆ. ಪರದೇಶದ ಒಂದು ಸುಂದರ ಊರನ್ನು ಕಂಡು ಬಂದು 'ಅವರು ಉಳಿಸಿಕೊಂಡರು, ನಾವು ಕಳೆದುಕೊಂಡೆವು' ಎಂದು ಬರೆಯುವುದು ಬಹಳ ಸುಲಭ, ಅರ್ಧ ಸುಳ್ಳೂ ಹೌದು. ಇಟಲಿಯ ಕರಾವಳಿಯಲ್ಲಿ ಒಂದು ಕಾಲಕ್ಕೆ ಇಂಥ ಬಲೆಗಳು ಎಷ್ಟೋ ಇದ್ದವು, ಬಹುಪಾಲು ಹೋಗಿವೆ. ಕಮೋಲಿಯದು ಉಳಿಯುವುದಕ್ಕೆ 1999ರಲ್ಲಿ ಪೋರ್ತೊಫಿನೊ ಸುತ್ತಲಿನ ನೀರನ್ನು ಸಂರಕ್ಷಿತ ಸಾಗರ ಪ್ರದೇಶವೆಂದು ಘೋಷಿಸಿದ್ದು ನೆರವಾಯಿತು. ಹಿಡಿದ ಮೀನಿಗೆ ಬಾಗಿಲಲ್ಲೇ ಒಳ್ಳೆಯ ಬೆಲೆ ಕೊಡುವ ಊಟದ ಮನೆಗಳೂ, ನನ್ನಂತೆ ಬಂಡೆಯ ಮೇಲೆ ಕುಳಿತು ಬಾಯಿ ಬಿಟ್ಟು ನೋಡುವ ಪ್ರವಾಸಿಗರೂ ನೆರವಾದರು. ಅದು ಬೆರಳೆಣಿಕೆಯ ಜನರ ಒಂದು ಬಲೆ. ನಮ್ಮ ರಂಪಣಿ ಒಂದಿಡೀ ಕರಾವಳಿಯ ಹೊಟ್ಟೆಪಾಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ಮಾತನ್ನು ನುಂಗಿಕೊಳ್ಳಲಾರೆ: ಅವರ ಬಳಿ ಒಂದಾದರೂ ಇದೆ, ದಿನವೂ ನೀರಿನಲ್ಲಿ ಇದೆ, ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಲ್ಲ.

ಊರು ಆಗ ಮೇ ತಿಂಗಳ ಎರಡನೆಯ ಭಾನುವಾರದ ಮೀನು ಹಬ್ಬಕ್ಕೆ ಸಿದ್ಧವಾಗುತ್ತಿತ್ತು. ಮೀನುಗಾರರ ಪಾಲಕ ಸಂತ ಫೊರ್ತುನಾತೊ ಹೆಸರಿನಲ್ಲಿ 1952ರಿಂದ ನಡೆದುಬಂದ ಹಬ್ಬ. ನಾಲ್ಕು ಮೀಟರ್ ಅಗಲದ ಬಾಣಲೆಯಲ್ಲಿ ಮೀನು ಕರಿದು ಬಂದವರಿಗೆಲ್ಲ ಹಂಚುತ್ತಾರೆ. ನಿವೃತ್ತವಾದ ಹಳೆಯ ಬಾಣಲೆಗಳನ್ನು ಊರಿನ ಒಂದು ಗೋಡೆಗೆ ನೇತುಹಾಕಿದ್ದಾರೆ. ಬಕಾಸುರನ ಮನೆಯ ಅಡುಗೆಕೋಣೆಗೆ ಬಂದಂತಾಗುತ್ತದೆ. ನಾನು ಹಬ್ಬಕ್ಕೆ ನಿಲ್ಲಲಿಲ್ಲ. ಗದ್ದಲ ನನಗೆ ಒಗ್ಗದು. ಆಗಸ್ಟ್ ಮೊದಲ ಭಾನುವಾರದ 'ಸ್ತೆಲ್ಲಾ ಮಾರಿಸ್' ಹಬ್ಬವನ್ನಾದರೂ ನೋಡಬೇಕೆಂಬ ಆಸೆ ಉಳಿದಿದೆ. ಅಂದು ಬೆಳಗ್ಗೆ ಅಲಂಕರಿಸಿದ ದೋಣಿಗಳು ಪುಂತಾ ಕಿಯಾಪ್ಪಾಕ್ಕೆ ಮೆರವಣಿಗೆ ಹೋಗುತ್ತವೆ, ಸಂಜೆ ಸಾವಿರಾರು ಸಣ್ಣ ದೀಪಗಳನ್ನು ನೀರಿಗೆ ತೇಲಿಬಿಡುತ್ತಾರೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮಲ್ಲಿ ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಬಿಡುತ್ತಾರೆ.

ಸಾನ್ ಫ್ರುತ್ತುವೋಸೊ ಮಠಕ್ಕೂ ಹೋಗಿಬಂದೆ. ದೋಣಿಯಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಮಾತ್ರ ತಲುಪಬಹುದಾದ ಆ ಕೊಲ್ಲಿಯಲ್ಲಿ, ನೀರಿನ 17 ಮೀಟರ್ ಆಳದಲ್ಲಿ, ಕೈಗಳನ್ನು ಮೇಲೆತ್ತಿ ನಿಂತ ಕಂಚಿನ ಕ್ರಿಸ್ತನಿದ್ದಾನೆ. ಶಿಲ್ಪಿ ಗುಯಿದೊ ಗಲ್ಲೆತ್ತಿ ಮಾಡಿದ ಆ ಮೂರ್ತಿಯನ್ನು 1954ರಲ್ಲಿ ಇಳಿಸಿದರು. ಮುಳುಗು ಹಾಕಲು ಬಾರದ ನನಗೆ ಅವನು ಕಾಣಲಿಲ್ಲ. ನೀರು ಹಸಿರಾಗಿತ್ತು.

ಹಿಂದಿರುಗುವ ದೋಣಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಮಹಿಳೆಯೊಬ್ಬರು ಇಂಗ್ಲಿಷಿನಲ್ಲಿ ಮಾತಿಗೆ ತೊಡಗಿ, ಊರಿನಂಚಿನ ಕಡಿದಾದ ದಡದತ್ತ ಬೆರಳು ತೋರಿದರು. 2021ರ ಫೆಬ್ರುವರಿಯಲ್ಲಿ ಅಲ್ಲಿಯ ಸ್ಮಶಾನದ ಒಂದು ಭಾಗ ಕುಸಿದು ಇನ್ನೂರರಷ್ಟು ಶವಪೆಟ್ಟಿಗೆಗಳು ಸಮುದ್ರಕ್ಕೆ ಬಿದ್ದವು. ಅಲೆ ಬುಡವನ್ನು ಕೊರೆಯುತ್ತಲೇ ಇತ್ತು, ಬಂಡೆಯಲ್ಲಿ ಬಿರುಕು ಕಂಡಿತ್ತು, ಒಂದು ಮಧ್ಯಾಹ್ನ ಎಲ್ಲ ಜಾರಿತು. ಜೀವಮಾನವಿಡೀ ಸಮುದ್ರದಿಂದ ತಪ್ಪಿಸಿಕೊಂಡು ಬಂದು ಹಾಸಿಗೆಯ ಮೇಲೆ ಸತ್ತ ನಾವಿಕರನ್ನು ಸಮುದ್ರ ಹೀಗೆ ಬಂದು ಕರೆದುಕೊಂಡು ಹೋಯಿತು. ಆ ಮಹಿಳೆ ಅದನ್ನು ಹೇಳಿದ ರೀತಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಮುಜುಗರವಿತ್ತು, ಮನೆಯ ಜಗಳ ಪರರಿಗೆ ಕಂಡುಬಿಟ್ಟಿತಲ್ಲ ಎಂಬಂತೆ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕೊಟ್ಟವರು ಮಾತಾಡುವಾಗಲೂ ದನಿ ಹೀಗೆಯೇ ಇಳಿಯುವುದನ್ನು ಕೇಳಿದ್ದೇನೆ.

ಸಂಜೆ ದಂಡೆಯ ಕಲ್ಲಿನ ಮೇಲೆ ಕುಳಿತು, ನೆರೆಯ ರೆಕ್ಕೊ ಊರಿನ ಹೆಸರಿನಲ್ಲಿ ಪ್ರಸಿದ್ಧವಾದ ಚೀಸ್ ತುಂಬಿದ ಫೊಕಾಚ್ಚಾ ತಿಂದೆ. ಎರಡು ತೆಳು ಹಾಳೆಗಳ ನಡುವೆ ಹುಳಿಯಾದ ಮೆತ್ತನೆಯ ಚೀಸ್; ನಮ್ಮ ಹೋಳಿಗೆಯ ಉಪ್ಪಿನ ತಮ್ಮ ಎನ್ನಬಹುದು. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ರೆಕ್ಕೊ ನೆಲಸಮವಾಯಿತು, ಕೂಗಳತೆಯ ಕಮೋಲಿ ಉಳಿಯಿತು. ಬರೆದ ಕಿಟಕಿಗಳ ಮೇಲೆ ಸಂಜೆಯ ಬಿಸಿಲು ಬಿದ್ದಾಗ ನಿಜವಾದ ಕಿಟಕಿಗಳ ಗಾಜು ಮಾತ್ರ ಹೊಳೆಯಿತು. ಬೆಳಗಿನಿಂದ ಪತ್ತೆಯಾಗದೆ ಉಳಿದ ನಾಲ್ಕಾರು ಮೋಸದ ಕಿಟಕಿಗಳು ಆಗ ಗುರುತು ಸಿಕ್ಕಿದವು.

ಮಾವನಿಗೆ ವೀಡಿಯೊ ಕರೆ ಮಾಡಿದೆ. ಊರಿನಲ್ಲಿ ರಾತ್ರಿ ಹನ್ನೊಂದರ ಹತ್ತಿರ. ಅವರು ನಿದ್ದೆ ಬಾರದೆ ಜಗಲಿಯಲ್ಲಿದ್ದರು. ಕತ್ತದ ಬಲೆಯ ಕಥೆಯನ್ನೆಲ್ಲ ಹೇಳಿದೆ. ನಾನಂದುಕೊಂಡಷ್ಟು ಬೆರಗು ಅವರ ಮುಖದಲ್ಲಿ ಕಾಣಲಿಲ್ಲ. 'ಎಷ್ಟು ಎಳೆಯ ಹುರಿ?' ಎಂದು ಕೇಳಿದರು. ನಾನು ನೋಡಿರಲಿಲ್ಲ. ಅಷ್ಟು ಹೊತ್ತು ಮುಟ್ಟಿ, ಮೂಸಿ, ಫೋಟೊ ತೆಗೆದು, ಎಳೆ ಮಾತ್ರ ಎಣಿಸಿರಲಿಲ್ಲ. ಫೋಟೊ ಕಳಿಸು ಎಂದರು. ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡುತ್ತಿದ್ದರೆಂದು ಕಾಣುತ್ತದೆ, 'ಎರಡೆಳೆ. ಇದು ಕೈಯಲ್ಲಿ ಹೊಸೆದದ್ದಲ್ಲ, ರಾಟೆಯದ್ದು. ಹುರಿ ಇನ್ನಷ್ಟು ಬಿಗಿ ಇರಬೇಕಿತ್ತು' ಎಂದರು. ಆಮೇಲೆ, 'ಗಂಟು ಚೆನ್ನಾಗಿ ಹಾಕಿದ್ದಾನೆ' ಎಂದರು.